ಸತ್ತ ಪೋರ್ಟನ್ನು ಮಾತಾಡಿಸುವುದು ಹೇಗೆ: ಇಥರ್ನೆಟ್ ಚಿಪ್ಪಿಗೆ ಒಂದು ಯುಎಸ್‌ಬಿ ಅಡಾಪ್ಟರ್

ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು ಅಂದರೆ ಮಂಗಳೂರಿನಲ್ಲಿ ಎಲ್ಲರ ಮನೆಯಲ್ಲೂ ಒಂದೇ ಕೆಲಸ. ಟಿವಿ ಪ್ಲಗ್ ತೆಗೆಯುವುದು, ಫ್ರಿಜ್ ಪ್ಲಗ್ ತೆಗೆಯುವುದು, ರೂಟರ್‌ನ ವೈರ್‌ಗಳನ್ನೆಲ್ಲ ಕಿತ್ತಿಡುವುದು. ಗುಡುಗು ನಿಂತ ಮೇಲೆ ಎಲ್ಲವನ್ನೂ ಮತ್ತೆ ಸಿಕ್ಕಿಸಬೇಕು. ಹಾಗೊಂದು ರಾತ್ರಿ ಕಳೆದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದರು. "ರೂಟರ್‌ನ ಲೈಟ್ ಎಲ್ಲ ಉರಿಯುತ್ತಾ ಉಂಟು ಮಾರಾಯ. ಮೇಲಿನ ರೂಮಿನ ಕಂಪ್ಯೂಟರ್‌ಗೆ ಮಾತ್ರ ನೆಟ್ ಇಲ್ಲ. ಎಂತ ಆದದ್ದು?"

ಈ ಪ್ರಶ್ನೆಗೆ ಮಳೆಗಾಲದ ಮುಂಚೆ ಎಲ್ಲ ಕಡೆ ಸಿಗುವ ಉತ್ತರ ಒಂದೇ: "ಪೋರ್ಟ್ ಹೋಗಿದೆ, ಹೊಸದು ತಗೊಳ್ಳಿ." ಹೋಗಿರಲೂಬಹುದು. ಆದರೆ ಕೇಬಲ್ ಕೆಟ್ಟರೂ ಹೊರಗಿನಿಂದ ಹೀಗೇ ಕಾಣುತ್ತದೆ. ಪೋರ್ಟಿನ ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಹೀಗೇ. ಚಿಪ್ಪಿಗೆ ಕರೆಂಟ್ ಬರದಿದ್ದರೂ ಹೀಗೇ. ಯಾವುದು ಅಂತ ಹೊರಗೆ ನಿಂತು ಹೇಳಲು ಆಗುವುದಿಲ್ಲ. ಒಳಗಿರುವ ಚಿಪ್ಪಿಗೆ ಮಾತ್ರ ಅದು ಗೊತ್ತಿರುತ್ತದೆ. ಮತ್ತು ಆ ಚಿಪ್ಪನ್ನು ಕೇಳಬಹುದು. ಅದಕ್ಕೆ ಬೇಕಾಗುವುದು ಎರಡು ತಂತಿ, ಕೆಲವೇ ನೂರು ರೂಪಾಯಿಯ ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಒಂದು ಯುಎಸ್‌ಬಿ ಕೇಬಲ್.

ಅದು ಹೇಗೆ ಅಂತ ಬುಡದಿಂದ ನೋಡೋಣ. ಎಲೆಕ್ಟ್ರಾನಿಕ್ಸ್ ಓದಿರಬೇಕು ಅಂತಿಲ್ಲ.

## ಪೋರ್ಟಿನ ಹಿಂದೆ ಕೂತಿರುವ ಚಿಪ್

ಇಥರ್ನೆಟ್ ಅಂದರೆ ಕಂಪ್ಯೂಟರ್‌ಗಳು ತಂತಿಯಲ್ಲಿ ಮಾತಾಡುವ ರೀತಿ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಇದರ ಯೋಚನೆಯನ್ನು ಬರೆದಿಟ್ಟರು. 1983ರಲ್ಲಿ ಇದು 802.3 ಅನ್ನುವ ಸಂಖ್ಯೆಯ ಮಾನಕವಾಯಿತು. ಮಾನಕ ಅಂದರೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ನಿಯಮ. ನಾವು ಮುಂದೆ ನೋಡುವ ಎರಡು ತಂತಿಯ ಮಾತೂ ಅದೇ ಮಾನಕದಲ್ಲಿದೆ. ಹಾಗಾಗಿ ಯಾವ ಕಂಪನಿಯ ಚಿಪ್ ಆದರೂ ಮೂಲ ಪ್ರಶ್ನೆಗಳಿಗೆ ಒಂದೇ ರೀತಿ ಉತ್ತರ ಕೊಡುತ್ತದೆ.

ಕೇಬಲ್ ಸಿಕ್ಕಿಸುವ ತೂತನ್ನು ನಾವು ಪೋರ್ಟ್ ಅನ್ನುತ್ತೇವೆ. ಅದು ಬರೀ ಬಾಗಿಲು. ಅದರ ಹಿಂದೆ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. ಹೊರಗಿನ ತಂತಿಗೂ ಒಳಗಿನ ಸರ್ಕ್ಯೂಟಿಗೂ ನೇರ ಸಂಪರ್ಕ ಇಲ್ಲದ ಹಾಗೆ ಇವು ನೋಡಿಕೊಳ್ಳುತ್ತವೆ. 1500 ವೋಲ್ಟ್‌ವರೆಗೆ ತಡೆಯಬೇಕು ಅನ್ನುವುದು ನಿಯಮ. ಹತ್ತಿರದಲ್ಲಿ ಸಿಡಿಲು ಬಡಿದರೆ ಉದ್ದದ ಕೇಬಲ್‌ನಲ್ಲಿ ಅದಕ್ಕಿಂತ ಜಾಸ್ತಿ ವೋಲ್ಟ್ ಹುಟ್ಟಬಹುದು. ಆಗಲೇ ಪೋರ್ಟ್ ಸಾಯುವುದು.

ಟ್ರಾನ್ಸ್‌ಫಾರ್ಮರ್ ದಾಟಿದರೆ ಸಿಗುವುದು ಫೈ ಅನ್ನುವ ಚಿಪ್. ಕಂಪ್ಯೂಟರಿನೊಳಗೆ ಇರುವುದು ಸೊನ್ನೆ ಮತ್ತು ಒಂದು ಮಾತ್ರ. ತಂತಿಯ ಮೇಲೆ ಹೋಗುವುದು ಏರಿಳಿಯುವ ವೋಲ್ಟೇಜ್. ಗಿಗಾಬಿಟ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ನೂರು ಕೋಟಿ ಸೊನ್ನೆ-ಒಂದುಗಳ ವೇಗದಲ್ಲಿ, ನಾಲ್ಕು ಜೋಡಿ ತಂತಿಗಳ ಮೇಲೂ ಒಂದೇ ಸಲ, ಐದು ಬೇರೆ ಬೇರೆ ಮಟ್ಟದ ವೋಲ್ಟೇಜ್ ಓಡಾಡುತ್ತದೆ. ಒಳಗಿನದನ್ನು ಹೊರಗಿನದಕ್ಕೆ, ಹೊರಗಿನದನ್ನು ಒಳಗಿನದಕ್ಕೆ ಬದಲಾಯಿಸುವುದು ಫೈ ಕೆಲಸ. ಆಚೆ ಬದಿಯವರು ಇದ್ದಾರಾ, ಯಾವ ವೇಗದಲ್ಲಿ ಮಾತಾಡೋಣ ಅಂತ ಮೊದಲು ವಿಚಾರಿಸಿಕೊಳ್ಳುವುದೂ ಅದೇ. ಈ ವಿಚಾರಣೆಗೆ ಆಟೋ ನೆಗೋಶಿಯೇಷನ್ ಅಂತ ಹೆಸರು. ಇದು ಮಾನಕಕ್ಕೆ ಸೇರಿದ್ದು 1995ರಲ್ಲಿ.

ಐದಾರು ಪೋರ್ಟಿನ ನೆಟ್‌ವರ್ಕ್ ಸ್ವಿಚ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳನ್ನು ಒಟ್ಟು ಸೇರಿಸುವ ಪೆಟ್ಟಿಗೆಯಲ್ಲಿ, ಐದಾರು ಫೈಗಳು ಒಂದೇ ಚಿಪ್ಪಿನೊಳಗೆ ಕೂತಿರುತ್ತವೆ. ಹೊರಗಿನಿಂದ ಒಂದು ಕಪ್ಪು ಚೌಕ ಮಾತ್ರ ಕಾಣುತ್ತದೆ.

## ಚಿಪ್ಪಿನೊಳಗಿನ ಗೂಡುಗಳು

ಫೈ ತನಗೆ ಗೊತ್ತಿರುವುದನ್ನು ಎಲ್ಲಿ ಇಡುತ್ತದೆ? ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳನ್ನು ನೆನಪಿಸಿಕೊಳ್ಳಿ. ಪ್ರತಿ ಗೂಡಿಗೂ ಒಂದು ನಂಬರ್. ಫೈ ಒಳಗೂ ಅಂಥ 32 ಗೂಡುಗಳಿವೆ, 0ಯಿಂದ 31ರವರೆಗೆ. ಇವಕ್ಕೆ ರಿಜಿಸ್ಟರ್ ಅನ್ನುತ್ತಾರೆ. ಒಂದೊಂದರಲ್ಲೂ 16 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಇರುವ 16 ಜಾಗ. ಒಂದೊಂದು ಬಿಟ್ ಒಂದೊಂದು ಸ್ವಿಚ್ ಅಥವಾ ಒಂದೊಂದು ದೀಪ ಅಂದುಕೊಳ್ಳಿ. ಕೆಲವನ್ನು ನಾವು ಒತ್ತಬಹುದು, ಕೆಲವನ್ನು ಬರೀ ನೋಡಬಹುದು. ಬಿಟ್‌ಗಳನ್ನು ಎಣಿಸುವುದು ಬಲದಿಂದ ಎಡಕ್ಕೆ, 0ಯಿಂದ 15ರವರೆಗೆ.

0ನೇ ರಿಜಿಸ್ಟರ್‌ನಲ್ಲಿ ಒತ್ತುವ ಸ್ವಿಚ್‌ಗಳಿವೆ. ಬಿಟ್ 15 ಒತ್ತಿದರೆ ಚಿಪ್ ರೀಸೆಟ್ ಆಗುತ್ತದೆ. ಬಿಟ್ 9 ಒತ್ತಿದರೆ ಆಚೆ ಬದಿಯವರ ಜೊತೆ ವಿಚಾರಣೆ ಮತ್ತೆ ಶುರು. ಬಿಟ್ 11 ಚಿಪ್ಪನ್ನು ಮಲಗಿಸುತ್ತದೆ.

1ನೇ ರಿಜಿಸ್ಟರ್‌ನಲ್ಲಿ ನೋಡುವ ದೀಪಗಳು. ಬಿಟ್ 2 ಉರಿಯುತ್ತಿದ್ದರೆ ಲಿಂಕ್, ಅಂದರೆ ಆಚೆ ಬದಿಯ ಜೊತೆ ಸಂಪರ್ಕ, ಬಂದಿದೆ. ಬಿಟ್ 5 ಉರಿಯುತ್ತಿದ್ದರೆ ವೇಗದ ಮಾತುಕತೆ ಮುಗಿದಿದೆ.

2 ಮತ್ತು 3ರಲ್ಲಿ ಚಿಪ್ಪಿನ ಗುರುತು ಇರುತ್ತದೆ: ಯಾವ ಕಂಪನಿ, ಯಾವ ಮಾದರಿ, ಎಷ್ಟನೇ ಆವೃತ್ತಿ. 4ರಲ್ಲಿ "ನನಗೆ ಇಷ್ಟು ವೇಗ ಬರುತ್ತದೆ" ಅಂತ ನಮ್ಮ ಚಿಪ್ ಹೇಳಿಕೊಂಡದ್ದು, 5ರಲ್ಲಿ ಆಚೆ ಬದಿಯವರು ಹೇಳಿದ್ದು. ಗಿಗಾಬಿಟ್ ಚಿಪ್ ಆದರೆ 9 ಮತ್ತು 10ರಲ್ಲಿ ಇನ್ನಷ್ಟು. 16ರಿಂದ ಮೇಲಿನವು ಆಯಾ ಕಂಪನಿಯ ಸ್ವಂತ ಗೂಡುಗಳು, ಅದಕ್ಕೆ ಆ ಚಿಪ್ಪಿನ ಡೇಟಾಶೀಟ್, ಅಂದರೆ ಕಂಪನಿ ಕೊಡುವ ವಿವರಪತ್ರ, ನೋಡಬೇಕು.

ಇಲ್ಲಿ ಒಂದು ವಿಷಯ ತಿಳಿದಿರಲೇಬೇಕು. ಇಲ್ಲದಿದ್ದರೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಕರೆಂಟ್ ಹೋಗಿ ಬಂದರೆ ಡಿಜಿಟಲ್ ಗಡಿಯಾರ 12:00 ಅಂತ ಮಿಟುಕುತ್ತಾ ಇರುತ್ತದೆ, ಅಲ್ವಾ? ಕರೆಂಟ್ ಈಗ ಇದೆ, ಆದರೂ ನಡುವೆ ಹೋಗಿತ್ತು ಅಂತ ಅದು ಹೇಳುತ್ತಿದೆ. ನೀವು ಹೋಗಿ ಬಟನ್ ಒತ್ತುವವರೆಗೆ ಹೇಳುತ್ತಲೇ ಇರುತ್ತದೆ. ಲಿಂಕ್‌ನ ಬಿಟ್ 2 ಕೂಡ ಹಾಗೆಯೇ. ಒಂದು ಕ್ಷಣ ಲಿಂಕ್ ತಪ್ಪಿದರೂ ಅದು ಸೊನ್ನೆಯಾಗಿ, ಯಾರಾದರೂ ಓದುವವರೆಗೆ ಸೊನ್ನೆಯಾಗಿಯೇ ಉಳಿಯುತ್ತದೆ. ಹಾಗಾಗಿ 1ನೇ ರಿಜಿಸ್ಟರನ್ನು ಎರಡು ಸಲ ಓದಬೇಕು. ಮೊದಲನೆಯದು ಹಿಂದೆ ಏನಾಗಿತ್ತು ಅಂತ ಹೇಳುತ್ತದೆ, ಎರಡನೆಯದು ಈಗ ಹೇಗಿದೆ ಅಂತ.

## ಎರಡು ತಂತಿಯ ಮಾತು

ಈ ಗೂಡುಗಳನ್ನು ತಲುಪುವ ದಾರಿಗೆ ಎಂಡಿಐಒ ಅಂತ ಹೆಸರು. ಎರಡೇ ತಂತಿ. ಒಂದು ಎಂಡಿಸಿ, ಇದು ತಾಳ. ಇನ್ನೊಂದು ಎಂಡಿಐಒ, ಇದರಲ್ಲಿ ಮಾತು.

ಯಕ್ಷಗಾನ ನೋಡಿದವರಿಗೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ತಾಳ ಯಾವಾಗಲೂ ಭಾಗವತರ ಕೈಯಲ್ಲಿ. ವೇಷಧಾರಿ ಎಷ್ಟೇ ದೊಡ್ಡವನಾದರೂ ಹೆಜ್ಜೆ ಹಾಕುವುದು ಆ ತಾಳಕ್ಕೇ. ಇಲ್ಲಿ ಭಾಗವತರು ಅಂದರೆ ನಾವು ಮಾಡುವ ಅಡಾಪ್ಟರ್, ವೇಷಧಾರಿ ಅಂದರೆ ಫೈ. ತಾಳದ ತಂತಿಯನ್ನು ಅಡಾಪ್ಟರ್ ಮಾತ್ರ ಆಡಿಸುತ್ತದೆ. ಮಾತಿನ ತಂತಿಯನ್ನು ಮಾತ್ರ ಇಬ್ಬರೂ ಸರದಿಯಲ್ಲಿ ಬಳಸುತ್ತಾರೆ.

ಒಂದು ಪ್ರಶ್ನೆ ಪೂರ್ತಿ 64 ತಾಳಗಳಲ್ಲಿ ಮುಗಿಯುತ್ತದೆ. ಮೊದಲ 32 ತಾಳಕ್ಕೆ ಬರೀ ಒಂದು, ಒಂದು, ಒಂದು. ಎಲ್ಲರೂ ಗಮನ ಕೊಡಲಿ ಅಂತ. ಆಮೇಲೆ 0 1, ಈಗ ಶುರು ಅಂತ ಅರ್ಥ. ಆಮೇಲೆ ಎರಡು ಬಿಟ್: 1 0 ಅಂದರೆ ಓದು, 0 1 ಅಂದರೆ ಬರೆ. ಆಮೇಲೆ ಐದು ಬಿಟ್‌ನಲ್ಲಿ ಯಾವ ಫೈ, ಇನ್ನು ಐದು ಬಿಟ್‌ನಲ್ಲಿ ಯಾವ ರಿಜಿಸ್ಟರ್. ಐದು ಬಿಟ್‌ನಲ್ಲಿ 32 ಸಂಖ್ಯೆ ಬರೆಯಬಹುದು. ಹಾಗಾಗಿ ಇದೇ ಎರಡು ತಂತಿಗೆ 32 ಫೈಗಳನ್ನು ಕಟ್ಟಬಹುದು. ಪ್ರತಿಯೊಂದೂ ತನ್ನ ನಂಬರ್ ಕೇಳಿದಾಗ ಮಾತ್ರ ಬಾಯಿ ಬಿಡುತ್ತದೆ.

ಈಗ ಬರುವುದು ಎರಡು ತಾಳದ ಬಿಡುವು. ಭಾಗವತರು ಪದ್ಯ ನಿಲ್ಲಿಸಿ ವೇಷಧಾರಿ ಅರ್ಥ ಹೇಳಲು ಶುರುಮಾಡುವ ನಡುವಿನ ಉಸಿರಿನ ಹಾಗೆ. ಓದುವ ಪ್ರಶ್ನೆಯಾದರೆ ಮೊದಲ ತಾಳದಲ್ಲಿ ಅಡಾಪ್ಟರ್ ಮಾತಿನ ತಂತಿಯನ್ನು ಬಿಟ್ಟುಬಿಡುತ್ತದೆ. ಎರಡನೆಯದರಲ್ಲಿ ಫೈ ಆ ತಂತಿಯನ್ನು ಸೊನ್ನೆಗೆ ಎಳೆಯುತ್ತದೆ, "ನಾನಿದ್ದೇನೆ" ಅನ್ನುವ ಹಾಗೆ. ಅದರ ಬೆನ್ನಿಗೆ 16 ತಾಳದಲ್ಲಿ 16 ಬಿಟ್ ಉತ್ತರ.

ಯಾರೂ ಇಲ್ಲದಿದ್ದರೆ? ಮಾತಿನ ತಂತಿಗೆ ಒಂದು ಪುಲ್‌ಅಪ್ ರೆಸಿಸ್ಟರ್ ಹಾಕಿರುತ್ತಾರೆ, ಸಾಮಾನ್ಯವಾಗಿ 1.5 ಕಿಲೋ ಓಮ್. ಬ್ಯಾಂಕಿನ ಸ್ಪ್ರಿಂಗ್ ಬಾಗಿಲಿನ ಹಾಗೆ ಇದರ ಕೆಲಸ. ಯಾರೂ ಹಿಡಿದುಕೊಳ್ಳದಿದ್ದರೆ ತಂತಿ ತಾನಾಗಿಯೇ ಒಂದಕ್ಕೆ ಮರಳುತ್ತದೆ. ಹಾಗಾಗಿ ಫೈ ಇಲ್ಲದ ಕಡೆ ಕೇಳಿದರೆ ಸಿಗುವ ಉತ್ತರ 16 ಒಂದುಗಳು, ಅಂದರೆ 65535. ಈ ಸಂಖ್ಯೆ ಕಂಡರೆ ಅದು ಚಿಪ್ಪಿನ ಮಾತಲ್ಲ, ಖಾಲಿ ತಂತಿ ಅಂತ ತಿಳಿಯಬೇಕು. ಬಿಡುವಿನ ಎರಡನೇ ತಾಳದಲ್ಲಿ ಸೊನ್ನೆ ಬಂತಾ ಅಂತ ನೋಡಿದರೆ ಇನ್ನೂ ಖಚಿತ.

ತಾಳದ ವೇಗಕ್ಕೆ ಮಾನಕದಲ್ಲಿ ಮೇಲಿನ ಮಿತಿ ಇದೆ, ಸೆಕೆಂಡಿಗೆ 25 ಲಕ್ಷ ತಾಳ, ಅಂದರೆ 2.5 ಮೆಗಾಹರ್ಟ್ಸ್. ಕೆಳಗಿನ ಮಿತಿ ಇಲ್ಲವೇ ಇಲ್ಲ. ಸಮನಾಗಿ ಇರಬೇಕು ಅಂತಲೂ ಇಲ್ಲ. ನಡುವೆ ನಿಲ್ಲಿಸಿ, ಚಹಾ ಕುಡಿದು ಬಂದು ಮುಂದುವರಿಸಿದರೂ ಫೈ ಕಾಯುತ್ತಾ ಇರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು ಇದು. ಈ ಒಂದು ನಿಯಮ ಇರುವುದರಿಂದಲೇ ದುಬಾರಿ ಉಪಕರಣ ಇಲ್ಲದೆ, ಮನೆಯ ಮೇಜಿನ ಮೇಲೆ, ನಿಧಾನದ ಪ್ರೋಗ್ರಾಂ ಬರೆದು ನಾವು ಆ ಚಿಪ್ಪಿನ ಜೊತೆ ಮಾತಾಡಲು ಆಗುವುದು.

2002ರಲ್ಲಿ 10 ಗಿಗಾಬಿಟ್ ಬಂದಾಗ 32 ಗೂಡು ಸಾಲದಾಯಿತು. ಆಗ ಅದೇ ತಂತಿಗಳ ಮೇಲೆ ಕ್ಲಾಝ್ 45, ಅಂದರೆ ಮಾನಕದ 45ನೇ ಅಧ್ಯಾಯ, ಅನ್ನುವ ಹೊಸ ಕ್ರಮ ಬಂತು. ಅದರಲ್ಲಿ ಶುರು 0 0, ಮತ್ತು ಪ್ರಶ್ನೆ ಎರಡು ಹಂತದಲ್ಲಿ. ಮನೆಯ ರೂಟರ್‌ಗೆ ಹಳೆಯ ಕ್ರಮವೇ ಸಾಕು.

## ನಡುವೆ ಒಬ್ಬರು ಎರಡೂ ಭಾಷೆ ಬಲ್ಲವರು

ಲ್ಯಾಪ್‌ಟಾಪಿನಲ್ಲಿ ಎಂಡಿಐಒ ಅನ್ನುವ ತೂತು ಇಲ್ಲ, ಇರುವುದು ಯುಎಸ್‌ಬಿ. ಫೈಗೆ ಯುಎಸ್‌ಬಿ ಬರುವುದಿಲ್ಲ. ಮಂಗಳೂರಿನ ಬಂದರಿನಲ್ಲಿ ಇದೇನು ಹೊಸ ಸಮಸ್ಯೆ ಅಲ್ಲ. ಒಬ್ಬರಿಗೆ ಬರೀ ತುಳು, ಇನ್ನೊಬ್ಬರಿಗೆ ಬರೀ ಹಿಂದಿ, ನಡುವೆ ಎರಡೂ ಬಲ್ಲವರೊಬ್ಬರು ನಿಂತರೆ ವ್ಯಾಪಾರ ನಡೆಯುತ್ತದೆ. ಇಲ್ಲಿ ಆ ನಡುವಿನವರು ಮೈಕ್ರೋಕಂಟ್ರೋಲರ್.

ಮೈಕ್ರೋಕಂಟ್ರೋಲರ್ ಅಂದರೆ ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರ್. ನಾವು ಬರೆದ ಒಂದು ಪ್ರೋಗ್ರಾಂ ಅದರಲ್ಲಿ ಸದಾ ಓಡುತ್ತಿರುತ್ತದೆ, ಅದರ ಪಿನ್‌ಗಳನ್ನು ನಾವು ಹೇಳಿದ ಹಾಗೆ ಏರಿಸಿ ಇಳಿಸುತ್ತದೆ. ನಾನು ಬಳಸಿದ್ದು ರಾಸ್ಪ್‌ಬೆರಿ ಪೈ ಪಿಕೊ. 2021ರ ಜನವರಿಯಲ್ಲಿ ಬಂದಾಗ ಇದರ ಬೆಲೆ 4 ಡಾಲರ್. ಇದನ್ನೇ ಆರಿಸಲು ಕಾರಣ ಮೂರು. ಯುಎಸ್‌ಬಿ ಇದರ ಒಳಗೇ ಇದೆ, ಬೇರೆ ಚಿಪ್ ಬೇಡ. ಇದು 3.3 ವೋಲ್ಟ್‌ನಲ್ಲಿ ನಡೆಯುತ್ತದೆ, ಮನೆಯ ಸಾಧನಗಳ ಫೈಗಳಲ್ಲಿ ಹೆಚ್ಚಿನವು ಇದೇ ವೋಲ್ಟ್‌ಗೆ ಒಗ್ಗುತ್ತವೆ. ಹಳೆಯ ಆರ್ಡುಯಿನೊ ಊನೊ ಬೋರ್ಡ್ 5 ವೋಲ್ಟ್‌ನದು, ಅದನ್ನು ನೇರವಾಗಿ ಕಟ್ಟಿದರೆ ಫೈ ಸುಡಬಹುದು. ಮೂರನೆಯದು, ಪಿಕೊದಲ್ಲಿ ಪಿಐಒ ಅನ್ನುವ ವಿಶೇಷ ಭಾಗ ಇದೆ. ಪಿನ್ ಆಡಿಸುವುದೊಂದನ್ನೇ ಮಾಡುವ ಎಂಟು ಪುಟ್ಟ ಕೆಲಸಗಾರರು ಅನ್ನಬಹುದು. ಮುಖ್ಯ ಪ್ರೋಗ್ರಾಂ ಬೇರೆ ಕೆಲಸದಲ್ಲಿದ್ದರೂ ಇವರು ತಾಳ ತಪ್ಪಿಸುವುದಿಲ್ಲ. ಪೂರ್ತಿ 2.5 ಮೆಗಾಹರ್ಟ್ಸ್ ವೇಗ ಬೇಕಾದರೆ ಇವರು ಬೇಕು. ಶುರುವಿಗೆ ಬೇಡ.

ಯುಎಸ್‌ಬಿ ಕಡೆಯಿಂದ ನೋಡಿದರೆ ಪಿಕೊ ಒಂದು ಸೀರಿಯಲ್ ಪೋರ್ಟ್‌ನ ಹಾಗೆ ಕಾಣಿಸುತ್ತದೆ. ಲ್ಯಾಪ್‌ಟಾಪಿನಿಂದ ಒಂದು ಸಾಲು ಕಳಿಸಿದರೆ ಒಂದು ಸಾಲು ಉತ್ತರ ಬರುತ್ತದೆ. ನಾನು ಇಟ್ಟುಕೊಂಡ ಭಾಷೆ ತುಂಬ ಸಣ್ಣದು. ಓದು ಅನ್ನಲು ಒಂದು ಅಕ್ಷರ, ಆಮೇಲೆ ಫೈ ನಂಬರ್, ರಿಜಿಸ್ಟರ್ ನಂಬರ್. ಬರೆ ಅನ್ನಲು ಇನ್ನೊಂದು ಅಕ್ಷರ, ಕೊನೆಗೆ ಬರೆಯಬೇಕಾದ ಸಂಖ್ಯೆ. ಹುಡುಕು ಅನ್ನಲು ಮತ್ತೊಂದು, ಅದು 32 ನಂಬರ್‌ಗಳನ್ನೂ ತಟ್ಟಿ ನೋಡಿ ಯಾರು ಓಗೊಟ್ಟರು ಅಂತ ಹೇಳುತ್ತದೆ.

ಹುಡುಕುವ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮಾಡದೆ ಪಿಕೊದೊಳಗೇ ಮಾಡಿಸುವುದಕ್ಕೆ ಕಾರಣ ಇದೆ. ಪೂರ್ತಿ ವೇಗದಲ್ಲಿ ಒಂದು ಪ್ರಶ್ನೆಗೆ ಎಂಡಿಐಒ ತಂತಿಯಲ್ಲಿ ಹಿಡಿಯುವುದು 25.6 ಮೈಕ್ರೋಸೆಕೆಂಡ್. ಈ ಥರದ ಯುಎಸ್‌ಬಿ ಕೆಲಸ ಮಾಡುವುದು 1 ಮಿಲಿಸೆಕೆಂಡಿನ, ಅಂದರೆ 1000 ಮೈಕ್ರೋಸೆಕೆಂಡಿನ, ಕಂತುಗಳಲ್ಲಿ. ಒಂದೊಂದೇ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುವುದು ಅಂದರೆ ಸ್ಟೇಟ್‌ಬ್ಯಾಂಕ್‌ನಿಂದ ಸುರತ್ಕಲ್‌ಗೆ ಒಬ್ಬೊಬ್ಬರಿಗೆ ಒಂದೊಂದು ಬಸ್ ಬಿಟ್ಟ ಹಾಗೆ. ಬಸ್ ತುಂಬಿಸಿ ಕಳಿಸಿದರೆ 32 ರಿಜಿಸ್ಟರ್‌ಗಳನ್ನೂ 1 ಮಿಲಿಸೆಕೆಂಡಿನೊಳಗೆ ಓದಿ ಮುಗಿಸಬಹುದು.

## ಮೇಜಿನ ಮೇಲೆ ಜೋಡಿಸುವುದು

ಮೊದಲ ಸಲಕ್ಕೆ ಯಾರದೋ ರೂಟರ್ ಬಿಚ್ಚಬೇಡಿ. ಲ್ಯಾನ್8720 ಅನ್ನುವ ಫೈ ಇರುವ ಸಣ್ಣ ಬೋರ್ಡ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಪೋರ್ಟ್, ಟ್ರಾನ್ಸ್‌ಫಾರ್ಮರ್, ಫೈ ಎಲ್ಲವೂ ಇರುತ್ತದೆ, ಎಂಡಿಸಿ ಎಂಡಿಐಒ ಪಿನ್‌ಗಳ ಹೆಸರೂ ಮುದ್ರಿಸಿರುತ್ತದೆ. ಇದರಲ್ಲಿ ಕಲಿತು ಕೈ ಪಳಗಿದ ಮೇಲೆ ಬೇರೆಯದು.

ಕಟ್ಟಬೇಕಾದದ್ದು ನಾಲ್ಕೇ ತಂತಿ. ಪಿಕೊದ 3.3 ವೋಲ್ಟ್ ಪಿನ್, ಅಂದರೆ 36ನೇ ಪಿನ್, ಬೋರ್ಡಿನ ವಿಸಿಸಿಗೆ, ಅಂದರೆ ಕರೆಂಟ್ ಒಳಹೋಗುವ ಪಿನ್‌ಗೆ. ಗ್ರೌಂಡ್ ಗ್ರೌಂಡ್‌ಗೆ. ಪಿಕೊದ ಯಾವುದಾದರೂ ಎರಡು ಖಾಲಿ ಪಿನ್‌ಗಳು ಎಂಡಿಸಿ ಮತ್ತು ಎಂಡಿಐಒಗೆ. ಎಂಡಿಐಒದಿಂದ 3.3 ವೋಲ್ಟ್‌ಗೆ 1.5 ಕಿಲೋ ಓಮ್ ರೆಸಿಸ್ಟರ್. ಬೋರ್ಡಿನಲ್ಲೇ ರೆಸಿಸ್ಟರ್ ಇದ್ದರೆ ಇನ್ನೊಂದು ಬೇಡ. ಪಿಕೊದ ಒಳಗೂ ಪುಲ್‌ಅಪ್ ಇದೆ, ಆದರೆ ಅದು ತುಂಬ ಮೆತ್ತಗಿನದು, ಅದನ್ನು ನೆಚ್ಚಿಕೊಳ್ಳಬೇಡಿ.

ಪಿಕೊದ ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಯುಎಸ್‌ಬಿ ಸಿಕ್ಕಿಸಿದರೆ ಅದು ಪೆನ್‌ಡ್ರೈವ್‌ನ ಹಾಗೆ ತೆರೆದುಕೊಳ್ಳುತ್ತದೆ. ಮೈಕ್ರೋಪೈಥಾನ್‌ನ, ಅಂದರೆ ಪುಟ್ಟ ಚಿಪ್‌ಗಳಿಗಾಗಿ ಮಾಡಿದ ಪೈಥಾನ್ ಭಾಷೆಯ, ಫೈಲನ್ನು ಅದಕ್ಕೆ ಎಳೆದು ಹಾಕಿ. ಶಾಲೆಯಲ್ಲಿ ಪೈಥಾನ್ ಕಲಿತ ಮಕ್ಕಳೂ ಇಲ್ಲಿಂದ ಮುಂದೆ ಬರೆಯಬಲ್ಲರು. ತಾಳ ಕೆಳಗಿಳಿಸು, ಮಾತಿನ ತಂತಿಯಲ್ಲಿ ಬಿಟ್ ಇಡು, ತಾಳ ಮೇಲೇರಿಸು. ಇದನ್ನೇ ಮತ್ತೆ ಮತ್ತೆ. ತಾಳ ಮೇಲೇರುವ ಕ್ಷಣದಲ್ಲಿ ಫೈ ನಮ್ಮ ಬಿಟ್ ಓದಿಕೊಳ್ಳುತ್ತದೆ. ಉತ್ತರದ ಸರದಿಯಲ್ಲಿ ಫೈ ತನ್ನ ಬಿಟ್ಟನ್ನು ಇಡುವುದು ತಾಳ ಮೇಲೇರಿದ ಮೇಲೆ, 300 ನ್ಯಾನೋಸೆಕೆಂಡಿನೊಳಗೆ. ಹಾಗಾಗಿ ನಾವು ಅದನ್ನು ಮುಂದಿನ ಏರಿಕೆಗೆ ಸ್ವಲ್ಪ ಮುಂಚೆ ಓದಬೇಕು.

ನನಗೆ ಒಂದು ಸಂಜೆ ಪೂರ್ತಿ ಹಿಡಿದದ್ದು ಇಲ್ಲೇ. ಮೊದಲು ಫೈ ನಂಬರ್ 0 ಅಂತ ಕೇಳುತ್ತಿದ್ದೆ. ಬರೀ 65535. ತಂತಿ ಬದಲಿಸಿದೆ, ಬೋರ್ಡ್ ಕೆಟ್ಟಿದೆ ಅಂತಲೂ ಅಂದುಕೊಂಡೆ. 32 ನಂಬರ್‌ಗಳನ್ನೂ ಹುಡುಕಿಸಿದಾಗ 1ರಲ್ಲಿ ಉತ್ತರ ಬಂತು. ಫೈ ನಂಬರನ್ನು ಬೋರ್ಡ್ ಮಾಡುವವರು ಒಂದು ಪಿನ್ನನ್ನು ಮೇಲೆ ಅಥವಾ ಕೆಳಗೆ ಕಟ್ಟಿ ನಿರ್ಧರಿಸಿರುತ್ತಾರೆ. ಹಾಗಾಗಿ ಮೊದಲು ಹುಡುಕಿ, ಆಮೇಲೆ ಕೇಳಿ.

ಉತ್ತರ ಬಂತು, ಆದರೆ ತಪ್ಪಾಗಿತ್ತು. ಈ ಚಿಪ್ಪಿನ 2ನೇ ರಿಜಿಸ್ಟರ್‌ನಲ್ಲಿ 7 ಇರಬೇಕು. ನನಗೆ ಸಿಕ್ಕಿದ್ದು 3. ಕಾಗದದ ಮೇಲೆ ಬರೆದು ನೋಡಿದಾಗ ಗೊತ್ತಾಯಿತು. 7 ಅಂದರೆ ಕೊನೆಯ ಮೂರು ಬಿಟ್ 1 1 1. ಒಂದು ತಾಳ ಬೇಗ ಓದಲು ಶುರುಮಾಡಿದರೆ ಬಿಡುವಿನ ಸೊನ್ನೆ ಮುಂದೆ ಸೇರಿಕೊಳ್ಳುತ್ತದೆ, ಕೊನೆಯ 1 ಹೊರಗುಳಿಯುತ್ತದೆ, ಸಿಗುವುದು 3. ಒಂದು ತಾಳ ತಡವಾದರೆ 15 ಬರುತ್ತದೆ, ಯಾಕೆಂದರೆ ಕೊನೆಗೆ ಖಾಲಿ ತಂತಿಯ 1 ಬಂದು ಸೇರುತ್ತದೆ. ಇಂಥದ್ದು ಮಾಡುವವರು ಈ ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು: 3 ಬಂದರೆ ಬೇಗ, 15 ಬಂದರೆ ತಡ, 7 ಬಂದರೆ ಸರಿ.

## 7809 ಅಂದರೆ ಏನು

ರಿಜಿಸ್ಟರ್‌ನ 16 ಬಿಟ್‌ಗಳನ್ನು ನಾಲ್ಕು ನಾಲ್ಕಾಗಿ ಕಟ್ಟಿ, ಒಂದೊಂದು ಕಟ್ಟಿಗೆ ಒಂದೊಂದು ಅಂಕೆ ಬರೆಯುವುದು ರೂಢಿ. ನಾಲ್ಕು ಬಿಟ್‌ನಲ್ಲಿ 15ರವರೆಗೆ ಬರುತ್ತದೆ. ಹಾಗಾಗಿ 9 ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಅಂತ ಬಳಸುತ್ತಾರೆ. 65535 ಅನ್ನುವುದು ಹೀಗೆ ಬರೆದರೆ ನಾಲ್ಕು ಎಫ್.

ಕೇಬಲ್ ಸಿಕ್ಕಿಸದೆ ಲ್ಯಾನ್8720ರ 1ನೇ ರಿಜಿಸ್ಟರ್ ಓದಿದರೆ 7809 ಬರುತ್ತದೆ. ಬಿಡಿಸಿದರೆ 0111 1000 0000 1001. ಎಡಗಡೆಯ ನಾಲ್ಕು ಒಂದುಗಳು ಚಿಪ್ಪಿಗೆ ಯಾವ ಯಾವ ವೇಗ ಬರುತ್ತದೆ ಅಂತ ಹೇಳುತ್ತವೆ. ಬಲಗಡೆಯ ಎರಡು, ವಿಚಾರಣೆ ಮಾಡಲು ಬರುತ್ತದೆ ಮತ್ತು ಹೆಚ್ಚಿನ ರಿಜಿಸ್ಟರ್‌ಗಳಿವೆ ಅಂತ.

ಈಗ ರೂಟರ್‌ನಿಂದ ಒಂದು ಕೇಬಲ್ ತಂದು ಸಿಕ್ಕಿಸಿ. ಎರಡು ಮೂರು ಸೆಕೆಂಡ್ ಕಾದು ಎರಡು ಸಲ ಓದಿ. 782ಡಿ. ಬಿಡಿಸಿದರೆ 0111 1000 0010 1101. ಎರಡು ಹೊಸ ದೀಪ ಹತ್ತಿಕೊಂಡಿವೆ: ಬಿಟ್ 5 ಮತ್ತು ಬಿಟ್ 2. ಮಾತುಕತೆ ಮುಗಿಯಿತು, ಲಿಂಕ್ ಬಂತು. ಮೊದಲ ಸಲ ಇದನ್ನು ಕಂಡಾಗ ಆಗುವ ಖುಷಿಯೇ ಬೇರೆ.

ಇಷ್ಟು ಓದಲು ಬಂದರೆ ರೋಗ ಪತ್ತೆ ಶುರುಮಾಡಬಹುದು.

ಎಲ್ಲ ನಂಬರ್‌ಗಳಲ್ಲೂ ನಾಲ್ಕು ಎಫ್ ಬಂದರೆ ಫೈ ಮಾತಾಡುತ್ತಲೇ ಇಲ್ಲ. ಸತ್ತಿದೆ ಅನ್ನುವ ಮುಂಚೆ ಅದಕ್ಕೆ ಕರೆಂಟ್ ಬರುತ್ತಿದೆಯಾ, ಅದರ ರೀಸೆಟ್ ಪಿನ್ ಒತ್ತಿ ಹಿಡಿದ ಸ್ಥಿತಿಯಲ್ಲಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ. ಗುರುತು ಸರಿಯಾಗಿ ಹೇಳುತ್ತಿದೆ, ಒಳ್ಳೆಯ ಕೇಬಲ್ ಹಾಕಿದರೂ 5ನೇ ರಿಜಿಸ್ಟರ್ ಸೊನ್ನೆಯಲ್ಲೇ ಇದೆ ಅಂದರೆ ಬುದ್ಧಿ ನೆಟ್ಟಗಿದೆ, ಕಿವಿ ಕೆಟ್ಟಿದೆ. ಆಚೆ ಬದಿಯವರ ಮಾತು ಒಂದೂ ತಲುಪುತ್ತಿಲ್ಲ. ಸಿಡಿಲಿನ ಪೆಟ್ಟಿನಲ್ಲಿ ಹೀಗಾಗುವುದುಂಟು: ಟ್ರಾನ್ಸ್‌ಫಾರ್ಮರ್ ಅಥವಾ ಫೈನ ತಂತಿ ಕಡೆಯ ಭಾಗ ಮಾತ್ರ ಹೋಗಿರುತ್ತದೆ. ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಬದಲಾಯಿಸಿ ಬೆಸುಗೆ ಹಾಕಬಹುದು. ಲಿಂಕ್ ಇದೆ, ಆದರೆ ಪ್ರತಿ ಸಲ ಮೊದಲ ಓದಿನಲ್ಲಿ ಬಿಟ್ 2 ಸೊನ್ನೆ, ಎರಡನೆಯದರಲ್ಲಿ ಒಂದು ಅಂದರೆ ಲಿಂಕ್ ಆಗಾಗ ತಪ್ಪುತ್ತಿದೆ. "ನೆಟ್ ಸ್ಲೋ" ಅನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರಬಹುದು.

ಕೆಲವು ಚಿಪ್‌ಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಬಲ್ ಎಲ್ಲಿ ತುಂಡಾಗಿದೆ ಅಂತಲೂ ಅಳೆಯುತ್ತವೆ. ಬಾವಿಗೆ ಕೂಗಿದರೆ ಪ್ರತಿಧ್ವನಿ ಬರುವ ಹಾಗೆ, ಒಂದು ಮಿಡಿತ ಕಳಿಸಿ ಅದು ತುಂಡಾದ ಕಡೆಯಿಂದ ತಿರುಗಿ ಬರುವ ಹೊತ್ತು ಎಣಿಸುತ್ತವೆ. ತಾಮ್ರದ ತಂತಿಯಲ್ಲಿ ಮಿಡಿತ ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. 100 ನ್ಯಾನೋಸೆಕೆಂಡಿಗೆ ಮರಳಿದರೆ ತುಂಡಾದದ್ದು 10 ಮೀಟರ್ ದೂರದಲ್ಲಿ.

## ಮುಚ್ಚಳ ತೆಗೆಯುವ ಮುಂಚೆ

ಎಲ್ಲ ಪೆಟ್ಟಿಗೆಯಲ್ಲೂ ಇದು ನಡೆಯುವುದಿಲ್ಲ. ಅಗ್ಗದ ರೂಟರ್‌ಗಳಲ್ಲಿ ಫೈಗಳು ಮುಖ್ಯ ಚಿಪ್ಪಿನ ಒಳಗೇ ಇದ್ದು, ಎಂಡಿಐಒ ತಂತಿ ಹೊರಗೆ ಬಂದೇ ಇರುವುದಿಲ್ಲ. ರಿಯಲ್‌ಟೆಕ್‌ನ 8366, 8367 ಸಾಲಿನ ಸ್ವಿಚ್ ಚಿಪ್‌ಗಳಲ್ಲೂ ಎರಡು ತಂತಿ ಇವೆ, ಆದರೆ ಸಾಮಾನ್ಯವಾಗಿ ಅದರ ಭಾಷೆ ಬೇರೆ. ಮಾರ್ವೆಲ್‌ನ 88ಇ6 ಸಾಲಿನ ಸ್ವಿಚ್‌ಗಳು ಎಂಡಿಐಒ ಮಾತಾಡುತ್ತವೆ. ಅವುಗಳಲ್ಲಿ ಯಾವ ಪೋರ್ಟ್ ಯಾವುದರ ಜೊತೆ ಸೇರಬೇಕು ಅನ್ನುವುದನ್ನೂ ಈ ಅಡಾಪ್ಟರ್‌ನಿಂದಲೇ ಬದಲಿಸಬಹುದು. ಇನ್ನು ನಿಮ್ಮ ಸ್ವಂತ ಲಿನಕ್ಸ್ ಲ್ಯಾಪ್‌ಟಾಪಿನ ಪೋರ್ಟ್ ನೋಡಲು ಅಡಾಪ್ಟರ್ ಬೇಕಿಲ್ಲ. ಇಥ್‌ಟೂಲ್ ಅನ್ನುವ ಪ್ರೋಗ್ರಾಂ ಸಾಕು.

ತಾಳ ಹಾಕುವವರು ಒಬ್ಬರೇ ಇರಬೇಕು. ರೂಟರ್‌ನ ಮುಖ್ಯ ಚಿಪ್ ಅದೇ ತಂತಿಗಳ ಮೇಲೆ ಫೈ ಜೊತೆ ಮಾತಾಡುತ್ತಿರುತ್ತದೆ. ಅದನ್ನು ರೀಸೆಟ್‌ನಲ್ಲಿ ಹಿಡಿದಿಡದೆ ನಾವೂ ತಾಳ ಹಾಕಲು ಹೋದರೆ ಇಬ್ಬರ ಪಿನ್‌ಗಳೂ ಹಾಳಾಗಬಹುದು. ಮೊದಲು ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ, 1.8 ಅಥವಾ 2.5 ವೋಲ್ಟ್‌ನ ಚಿಪ್ ಆದರೆ ನಡುವೆ ಲೆವೆಲ್ ಶಿಫ್ಟರ್, ಅಂದರೆ ಒಂದು ವೋಲ್ಟ್‌ನ ಮಾತನ್ನು ಇನ್ನೊಂದಕ್ಕೆ ಹೊಂದಿಸುವ ಸಣ್ಣ ಚಿಪ್, ಬೇಕು. ಗೋಡೆಯ 230 ವೋಲ್ಟ್ ನೇರವಾಗಿ ಒಳಗೆ ಹೋಗುವ ಪೆಟ್ಟಿಗೆಯಾದರೆ ಅನುಭವ ಇಲ್ಲದವರು ಮುಟ್ಟಲೇಬಾರದು. ರಿಜಿಸ್ಟರ್‌ನಲ್ಲಿ ತಪ್ಪಾಗಿ ಏನಾದರೂ ಬರೆದುಬಿಟ್ಟರೆ ಹೆದರಬೇಡಿ. ಕರೆಂಟ್ ತೆಗೆದು ಹಾಕಿದರೆ ಸಾಮಾನ್ಯವಾಗಿ ಅದು ಅಳಿಸಿ ಹೋಗುತ್ತದೆ.

## ಅಕ್ಕನ ಮನೆಯ ಕೇಬಲ್

ಅವರ ರೂಟರ್ ಬಿಚ್ಚುವ ಅಗತ್ಯವೇ ಬರಲಿಲ್ಲ. ನನ್ನ ಹತ್ತಿರ ಗಿಗಾಬಿಟ್ ಫೈ ಇರುವ ಒಂದು ಹಳೆಯ ಬೋರ್ಡ್ ಇತ್ತು. ಅದನ್ನೂ ಪಿಕೊವನ್ನೂ ಮೇಲಿನ ರೂಮಿಗೆ ತೆಗೆದುಕೊಂಡು ಹೋಗಿ, ಕಂಪ್ಯೂಟರ್‌ನಿಂದ ಕೇಬಲ್ ಕಿತ್ತು ಬೋರ್ಡಿಗೆ ಸಿಕ್ಕಿಸಿದೆ.

1ನೇ ರಿಜಿಸ್ಟರ್‌ನಲ್ಲಿ ಲಿಂಕ್ ಇಲ್ಲ. ಆದರೆ 5ನೇ ರಿಜಿಸ್ಟರ್ ಸೊನ್ನೆ ಆಗಿರಲಿಲ್ಲ. 10ನೇ ರಿಜಿಸ್ಟರ್‌ನ ಬಿಟ್ 11 ಉರಿಯುತ್ತಿತ್ತು, ಅಂದರೆ ಕೆಳಗಿನ ರೂಟರ್ "ನನಗೆ ಗಿಗಾಬಿಟ್ ಬರುತ್ತದೆ" ಅಂತ ಹೇಳಿದ್ದು ಇಲ್ಲಿಗೆ ಕೇಳಿಸಿದೆ. ಸತ್ತ ಪೋರ್ಟ್ ಮಾತಾಡುವುದಿಲ್ಲ. ಹಾಗಾದರೆ ರೂಟರ್ ಬದುಕಿದೆ.

ವಿಚಾರಣೆ ನಡೆಯುವುದು 1, 2, 3, 6ನೇ ತಂತಿಗಳಲ್ಲಿ ಮಾತ್ರ, ಅಂದರೆ ಎರಡೇ ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಉಳಿದ ನೀಲಿ ಮತ್ತು ಕಂದು ಜೋಡಿಯಲ್ಲಿ ತೊಂದರೆ ಇದ್ದರೆ ಇಬ್ಬರೂ ಗಿಗಾಬಿಟ್‌ಗೆ ಒಪ್ಪಿಕೊಳ್ಳುತ್ತಾರೆ, ಶುರುಮಾಡಲು ಹೋಗಿ ಸೋಲುತ್ತಾರೆ, ಮತ್ತೆ ಒಪ್ಪಿಕೊಳ್ಳುತ್ತಾರೆ. ಕೆಲವು ಚಿಪ್‌ಗಳು ಎರಡು ಮೂರು ಸಲ ಸೋತ ಮೇಲೆ ತಾವೇ 100 ಮೆಗಾಬಿಟ್‌ಗೆ ಇಳಿಯುತ್ತವೆ. ಕೆಲವು ಇಳಿಯುವುದಿಲ್ಲ.

ಪರೀಕ್ಷೆ ಮಾಡಿದೆ. 9ನೇ ರಿಜಿಸ್ಟರ್‌ನ ಬಿಟ್ 9 ಮತ್ತು 8 ಅಳಿಸಿದೆ, ಅಂದರೆ ನನ್ನ ಬೋರ್ಡಿಗೆ ಗಿಗಾಬಿಟ್ ಬರುವುದಿಲ್ಲ ಅಂತ ಹೇಳಿಸಿದೆ. 0ನೇ ರಿಜಿಸ್ಟರ್‌ನ ಬಿಟ್ 9 ಒತ್ತಿ ವಿಚಾರಣೆ ಮತ್ತೆ ಶುರುಮಾಡಿಸಿದೆ. ಮೂರು ಸೆಕೆಂಡ್. ಬಿಟ್ 2 ಹತ್ತಿಕೊಂಡಿತು, 100 ಮೆಗಾಬಿಟ್‌ನಲ್ಲಿ ಲಿಂಕ್ ಬಂತು.

ಕೆಳಗೆ ಬಂದು ರೂಟರ್ ಕಡೆಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ಎಂಟು ಚಿನ್ನದ ಬಣ್ಣದ ಪಟ್ಟಿಗಳಲ್ಲಿ 5ನೆಯದರ ಮತ್ತು 8ನೆಯದರ ಬುಡದಲ್ಲಿ ಹಸಿರು ಕಿಲುಬು. ಕಡಲ ಗಾಳಿಯ ಉಪ್ಪು ಮತ್ತು ತೇವ ವರ್ಷಗಟ್ಟಲೆ ಮಾಡಿದ ಕೆಲಸ ಅದು. ಕೇಬಲ್ ಅಲ್ಲಾಡದೆ ಇದ್ದಷ್ಟು ದಿನ ಹೇಗೋ ನಡೆದಿತ್ತು, ಆ ರಾತ್ರಿ ಕಿತ್ತು ಮತ್ತೆ ಸಿಕ್ಕಿಸಿದಾಗ ಸಂಪರ್ಕ ತಪ್ಪಿತು.

ಕನೆಕ್ಟರ್ ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಕೇಬಲ್ ಹಿಂದಕ್ಕೆ ಸುಲಿದು, ಹೊಸದನ್ನು ಕ್ರಿಂಪ್ ಮಾಡಿದೆ. 9ನೇ ರಿಜಿಸ್ಟರನ್ನು ಮೊದಲಿನ ಹಾಗೆ ಮಾಡಿ ಮತ್ತೆ ಓದಿದಾಗ 10ರಲ್ಲಿ ಬಿಟ್ 13 ಮತ್ತು 12 ಎರಡೂ ಉರಿಯುತ್ತಿದ್ದವು. ಈ ಬದಿಗೆ ಆ ಬದಿಯ ಮಾತು ಸರಿಯಾಗಿ ಕೇಳಿಸುತ್ತಿದೆ, ಆ ಬದಿಗೂ ಈ ಬದಿಯದು.